ಟ್ರಂಕಿನಲ್ಲಿ ಸಿಕ್ಕ ಹಂಪಿ ಫೋಟೋ, ಮತ್ತು ಹಳೇ ಚಿತ್ರಗಳ ಹಿಂಬದಿಯ ಕತೆಗಳು

ಕೆರೆದಂಡೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಜ್ಜನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಮೇಲೆ ಹಳೇ ಪಂಚಾಂಗ, ಕಂದಾಯದ ರಸೀದಿ. ತಳದಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಏಳೆಂಟು ಫೋಟೋ. ಬಹುಪಾಲು ಮದುವೆಯವು. ಒಂದು ಮಾತ್ರ ಹಂಪಿಯದು.

ಕಲ್ಲಿನ ರಥದ ಮುಂದೆ ಒಂಬತ್ತು ಜನ ನಿಂತಿದ್ದಾರೆ. ಕೋಟು ಟೋಪಿಯ ಗಂಡಸರು ಮೂವರು, ಸೆರಗು ಹೊದ್ದ ಹೆಂಗಸರು ಐವರು, ಬಲತುದಿಯಲ್ಲಿ ರಥದ ಚಕ್ರಕ್ಕೆ ಕೈಯಿಟ್ಟುಕೊಂಡ ಏಳೆಂಟು ವರ್ಷದ ಒಬ್ಬ ಹುಡುಗಿ. ಫೋಟೋ ಅಂಗೈಯಷ್ಟೇ ಇದೆ, ಅಂಚು ಹಲ್ಲುಹಲ್ಲಾಗಿದೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಅಜ್ಜನ ಕೈಬರಹ: ‘ವಿರೂಪಾಕ್ಷನ ತೇರಿಗೆ ಹೋದಾಗ’. ಅದರ ಕೆಳಗೆ ಮೂವರು ಗಂಡಸರ ಹೆಸರು. ಆಮೇಲೆ ‘ಮತ್ತು ಮನೆಯವರು’. ಇಸವಿ ಇಲ್ಲ.

ಐದು ಜನ ಹೆಂಗಸರು ಒಂದು ಮಾತಿನಲ್ಲಿ ಮುಗಿದುಹೋಗಿದ್ದಾರೆ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಇದು ಯಾವ ವರ್ಷದ ಫೋಟೋ ಇರಬಹುದು ಅಂತ ಬಲ್ಲವರು ಹೇಳಿ.

ಇನ್ನೊಂದು ವಿಷಯ. ಅದೇ ದಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ‘ಟಿಪ್ಪು ಸುಲ್ತಾನನ ನಿಜವಾದ ಫೋಟೋ, ಪಠ್ಯಪುಸ್ತಕದಲ್ಲಿರುವುದು ಸುಳ್ಳು’ ಎಂದು ಒಂದು ಚಿತ್ರ ಮತ್ತೆ ಬಂತು. ಗಡ್ಡ, ಪೇಟ, ಸೊಂಟದಲ್ಲಿ ಬಾಕು. ಆ ಚಿತ್ರದಲ್ಲಿರುವವನು ಟಿಪ್ಪು ಟಿಪ್. ಪೂರ್ವ ಆಫ್ರಿಕಾದ ಝಾಂಜಿಬಾರಿನವನು, ಆನೆದಂತ ಮತ್ತು ಗುಲಾಮರ ವ್ಯಾಪಾರಿ, ಸತ್ತದ್ದು 1905ರಲ್ಲಿ. ನಮ್ಮ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದದ್ದು 1799ರ ಮೇ 4ಕ್ಕೆ. ಆಗ ಜಗತ್ತಿನ ಯಾವ ಮೂಲೆಯಲ್ಲೂ ಯಾರ ಫೋಟೋವನ್ನೂ ತೆಗೆಯುವ ವಿದ್ಯೆ ಇರಲಿಲ್ಲ. ಹೆಸರಿನಲ್ಲಿ ಎರಡಕ್ಷರ ಹೊಂದಿದ್ದಕ್ಕೆ ಒಬ್ಬನ ಮುಖ ಇನ್ನೊಬ್ಬನಿಗೆ ಅಂಟಿಕೊಂಡಿದೆ. ನಮ್ಮ ಮನೆಯ ಫೋಟೋದಲ್ಲಿ ಮುಖಗಳಿವೆ, ಹೆಸರಿಲ್ಲ. ಅಲ್ಲಿ ಹೆಸರಿದೆ, ಮುಖ ಬೇರೆಯವರದು. ಇಂಥ ಹಳೇ ಚಿತ್ರಗಳ ಹಿಂದಿನ ಕತೆ ನಿಮಗೆ ಗೊತ್ತಿದ್ದರೆ ಇಲ್ಲೇ ಬರೆಯಿರಿ.

ಹೊಸಪೇಟೆಯವ

ಕೆರೆದಂಡೆಯವರೇ, ಫೋಟೋ ನೋಡಿ ತುಂಬ ಖುಷಿಯಾಯಿತು. ನಾನು ಹುಟ್ಟಿ ಬೆಳೆದದ್ದು ಹಂಪಿಯ ಮಗ್ಗುಲಲ್ಲೇ. ಇಸವಿಯ ಮಾತು ಆಮೇಲೆ. ಮೊದಲು ಆ ರಥದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಹಳೇ ಫೋಟೋ ಅಂದರೆ ನನಗೆ ಮೊದಲು ನೆನಪಾಗುವುದೇ ಅದು.

ನಿಮ್ಮ ಜೇಬಿನಲ್ಲಿ ಐವತ್ತರ ಹೊಸ ನೋಟಿದ್ದರೆ ತೆಗೆದು ನೋಡಿ. ಹಿಂಬದಿಯಲ್ಲಿ ಅದೇ ರಥ. ನಿಮ್ಮ ಅಜ್ಜನವರ ಫೋಟೋದಲ್ಲಿರುವುದೂ ಅದೇ ರೂಪ, ಮೇಲ್ಭಾಗ ಚಪ್ಪಟೆ. ನಾವೆಲ್ಲ ಅದು ಮೊದಲಿನಿಂದ ಹಾಗೇ ಇತ್ತು ಅಂದುಕೊಂಡೇ ಬೆಳೆದೆವು. ಇರಲಿಲ್ಲ. ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಒಂದು ಶಿಖರವಿತ್ತು. ನಮ್ಮೂರ ಮರದ ತೇರಿನ ಮೇಲೆ ಬಟ್ಟೆಯ ಗೋಪುರ ಏಳುತ್ತದಲ್ಲ, ಅದೇ ಅಂದಾಜಿಗೆ. ಅದು ನಮಗೆ ಕಣ್ಣಾರೆ ಕಾಣಸಿಗುವುದು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ ತೆಗೆದ ಫೋಟೋದಲ್ಲಿ. ಆಮೇಲೆ ಶಿಖರವನ್ನು ತೆಗೆದುಹಾಕಿದರು.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಗಾಜಿನ ಮೇಲೆ ಹಸಿ ರಾಸಾಯನಿಕ ಬಳಿದು ತೆಗೆಯುವ ವಿಧಾನ ಆಗಲೇ ಬಂದಿತ್ತು. ಆದರೆ ಬಳಿದದ್ದು ಆರುವ ಮುಂಚೆ ಫೋಟೋ ತೆಗೆದು ತೊಳೆದು ಮುಗಿಸಬೇಕು. ನಮ್ಮ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಹಸಿಯಾಗಿದ್ದೀತು? ಮೇಣದ ಕಾಗದವಾದರೆ ಮುಂಚೆಯೇ ಸಿದ್ಧಮಾಡಿ ಇಟ್ಟುಕೊಳ್ಳಬಹುದು. ಚಿತ್ರ ದೊಡ್ಡದು ಮಾಡುವ ಯಂತ್ರ ಆಗ ಬಳಕೆಯಲ್ಲಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋನೂ ಅಷ್ಟೇ. ಹಾಗಾಗಿ ಕ್ಯಾಮೆರಾನೇ ಒಂದು ಪೆಟ್ಟಿಗೆಯಷ್ಟು ದೊಡ್ಡದು.

ಮೇಣದ ಕಾಗದಕ್ಕೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತಿನಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಮೂಡುವುದೇ ಇಲ್ಲ. ದನ ಅಟ್ಟಿಕೊಂಡು ಹೋದವರು, ಕೊಡ ಹೊತ್ತು ದಾಟಿದವರು ಎಲ್ಲರೂ ಮಾಯ. ಉಳಿಯುವುದು ಕಲ್ಲು ಮಾತ್ರ. ‘ಜನರೇ ಇಲ್ಲದ ಹಾಳು ಹಂಪಿ’ ಎಂಬ ಕಲ್ಪನೆ ಆ ಚಿತ್ರಗಳನ್ನು ನೋಡಿದವರ ತಲೆಯಲ್ಲಿ ಸುಲಭವಾಗಿ ಕೂತುಬಿಡುತ್ತದೆ. ವಿರೂಪಾಕ್ಷನ ಗುಡಿಯಲ್ಲಾದರೋ ಪೂಜೆ ನಡೆದುಕೊಂಡೇ ಬಂದಿದೆ. ನಿಮ್ಮ ಅಜ್ಜ ಹೋದದ್ದೂ ಆ ತೇರಿಗೇ ತಾನೆ?

1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಡೆಗೆ ಆಸರೆ ಕೊಟ್ಟಿದ್ದಾರೆ ಎಲ್ಲ ಎದ್ದು ಕಾಣುತ್ತದೆ. ನಾನೂ ಒಮ್ಮೆ ಬೆಳಿಗ್ಗೆ ಆರೂವರೆಗೆ ವಿಠ್ಠಲ ಗುಡಿಗೆ ಹೋಗಿ, ಫೋನಿನಲ್ಲಿ ಆ 1856ರ ಚಿತ್ರ ತೆರೆದಿಟ್ಟುಕೊಂಡು, ಹಿಂದೆ ಮುಂದೆ ಸರಿದು ಸರಿದು ಅದೇ ಜಾಗ ಹಿಡಿದೆ. ರಥದ ಮೇಲಿನ ಖಾಲಿ ಆಕಾಶ ನೋಡಿ ಗಂಟಲು ಕಟ್ಟಿತು.

ಇನ್ನೊಮ್ಮೆ ಹೋದರೆ ಮುಂದಿನ ಎರಡು ಆನೆಗಳ ಹಿಂದೆ ಬಗ್ಗಿ ನೋಡಿ. ಕುದುರೆಗಳ ಹಿಂಗಾಲು, ಬಾಲ ಉಳಿದಿವೆ. ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳು ಆಮೇಲೆ ಬಂದವು.

ಬೆಳವಲ, ಗದಗ

ಭಾಳ ಚಲೋ ಬರದೀರಿ ಹೊಸಪೇಟಿಯವರ. ನಮ್ಮ ಕಡೆ ಟಿಪ್ಪುನ ಬದಲಿ ಚೆನ್ನಮ್ಮ. ಪ್ರತಿ ವರ್ಷ ಕಿತ್ತೂರ ಉತ್ಸವದ ಟೈಮಿನ್ಯಾಗ ‘ರಾಣಿ ಚೆನ್ನಮ್ಮನ ಒರಿಜಿನಲ್ ಫೋಟೋ’ ಅಂತ ಒಂದು ಬಂದ ಬರ್ತದ. ಚೆನ್ನಮ್ಮ ಬೈಲಹೊಂಗಲದ ಕೋಟ್ಯಾಗ ಸೆರಿಯೊಳಗ ತೀರಿಕೊಂಡದ್ದು 1829ರಾಗ. ಸಂಗೊಳ್ಳಿ ರಾಯಣ್ಣನ್ನ ನಂದಗಡದಾಗ ಗಲ್ಲಿಗೆ ಹಾಕಿದ್ದು 1831ರಾಗ. ಡಾಗೇರ್ ಅನ್ನಾಂವ ಫ್ರಾನ್ಸಿನ್ಯಾಗ ತನ್ನ ಫೋಟೋ ತೆಗಿಯೋ ವಿದ್ಯಾ ಜಗತ್ತಿಗೆ ಹೇಳಿದ್ದು 1839ಕ್ಕ. ಅದಕ್ಕೂ ಮೊದಲ ಅದ ದೇಶದ ನೀಪ್ಸ್ ಅನ್ನಾಂವ ಒಂದು ತಗಡಿನ ಮ್ಯಾಲ ತನ್ನ ಕಿಟಕಿಯಿಂದ ಕಾಣೋ ಮಾಳಿಗಿ ಮೂಡಿಸಿದ್ದ ಖರೆ, ಆದರ ಅದಕ್ಕ ತಾಸುಗಟ್ಟಲೆ ಬಿಸಿಲು ಬೇಕಾತು. ಹಂತಾದರಾಗ ಮನುಷ್ಯಾನ ಮಾರಿ ಹೆಂಗ ಮೂಡೀತು?

ನನಗ ಸಿಟ್ಟು ಬರೋದು ಇದಕ್ಕ. ಚೆನ್ನಮ್ಮಗ ಫೋಟೋ ಬೇಕಾಗಿಲ್ಲ. ಲಾವಣಿ ಅದಾವ, ಕೋಟಿ ಅದ, ಆಕಿ ಮಾತು ಇನ್ನೂ ಮಂದಿ ಬಾಯಾಗ ಅದ. ಯಾರೋ ಗುರುತಿಲ್ಲದ ಹೆಣ್ಣಮಗಳ ಫೋಟೋ ತಂದು ಆಕಿ ಹೆಸರು ಬರದರ ಇಬ್ಬರಿಗೂ ಅನ್ಯಾಯ. ಆ ಫೋಟೋದಾಗಿನ ಹೆಣ್ಣಮಗಳಿಗೂ ಒಂದು ಹೆಸರು ಇತ್ತಲ್ರೀ.

ಹಳೇಗಾಜು, ಶಿವಮೊಗ್ಗ

ಕೆರೆದಂಡೆಯವರೇ, ನಮ್ಮದು ಸ್ಟುಡಿಯೋ ಮನೆ. ತಾತ ಶುರು ಮಾಡಿದ್ದು, ಅಪ್ಪ ನಡೆಸಿದ್ದು, ನನ್ನ ಕಾಲಕ್ಕೆ ಬಾಗಿಲು ಹಾಕಿದೆವು. ನೀವು ಹೇಳಿದ ಹಲ್ಲುಹಲ್ಲಿನ ಅಂಚು ಕತ್ತರಿಸಲೆಂದೇ ನಮ್ಮಲ್ಲೊಂದು ಕಟ್ಟರ್ ಇತ್ತು. ಬಿಳಿ ಬಾರ್ಡರ್ ಬಿಟ್ಟು ಆ ಅಂಚು ಕೊಡುವುದು 1940, 50ರ ದಶಕಗಳಲ್ಲಿ ಎಲ್ಲ ಕಡೆ ನಡೆಯುತ್ತಿತ್ತು, 60ರಲ್ಲೂ ಇತ್ತು. ಅಂಗೈಯಷ್ಟೇ ಅಂದಿರಿ. ಹಾಗಾದರೆ ಡಬ್ಬಿ ಕ್ಯಾಮೆರಾದಲ್ಲಿ ತೆಗೆದು ನೆಗೆಟಿವ್ ಅಳತೆಗೇ ಪ್ರಿಂಟ್ ಹಾಕಿರಬೇಕು. ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕಾಗದದ ಕಂಪನಿಯ ಹೆಸರು ಮಸುಕಾಗಿ ಅಚ್ಚಾಗಿರಬಹುದು. ‘ವೆಲಾಕ್ಸ್’ ಅಂತಿದ್ದರೆ ಅದು ಕೊಡಾಕ್ ಕಾಗದ.

ಗಂಡಸರ ಕೋಟು ಅಂದಿರಲ್ಲ, ಒಂದು ಮಾತು ಹೇಳಲೇಬೇಕು. ನಮ್ಮ ಸ್ಟುಡಿಯೋದ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಒಂದು ಕರೀ ಕೋಟು. ಫೋಟೋ ತೆಗೆಸಿಕೊಳ್ಳಲು ಬಂದ ರೈತ, ಮೇಷ್ಟ್ರು, ಮದುಮಗ ಎಲ್ಲರೂ ಹಾಕಿಕೊಳ್ಳುತ್ತಿದ್ದದ್ದು ಅದನ್ನೇ. ದಪ್ಪ ಇರುವವರಿಗೆ ಬೆನ್ನ ಹೊಲಿಗೆ ಬಿಚ್ಚಿಟ್ಟಿದ್ದರು, ಸಣ್ಣ ಇರುವವರಿಗೆ ಹಿಂದಿನಿಂದ ಪಿನ್ನು. ಮುಂದಿನಿಂದ ಮಾತ್ರ ಎಲ್ಲರಿಗೂ ಅಳತೆ ಕೊಟ್ಟು ಹೊಲಿಸಿದ ಹಾಗೆ. ಎಡ ಕಾಲರಿನ ತುದಿಯಲ್ಲಿ ಸಿಗರೇಟಿನ ಕಿಡಿಯಿಂದಾದ ಸಣ್ಣ ತೂತು ಇತ್ತು. ಈಗಲೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಯಾರದೋ ಮನೆಗೆ ಹೋದಾಗ, ದೇವರ ಮನೆಯ ಪಕ್ಕದ ಗೋಡೆಯ ಮೇಲೆ ಹಾರ ಹಾಕಿದ ಹಿರಿಯರ ಫೋಟೋದಲ್ಲಿ ಆ ತೂತು ಕಾಣುತ್ತದೆ. ‘ನಮ್ಮ ತಾತ ಕೋಟು ಹಾಕುತ್ತಿದ್ದರು’ ಅಂತ ಮನೆಯವರು ಅಭಿಮಾನದಿಂದ ಹೇಳುತ್ತಾರೆ. ನಾನು ಹೌದು ಅನ್ನುತ್ತೇನೆ. ಆ ಒಂದು ದಿನ ಅವರು ಹಾಕಿದ್ದರು, ಹೇಗೆ ಕಾಣಬೇಕು ಅಂತ ಅವರಿಗೆ ಆಸೆಯಿತ್ತೋ ಹಾಗೇ ಕಂಡರು.

ತಾತನ ಕಾಲದ ಗಾಜಿನ ನೆಗೆಟಿವ್‌ಗಳು ಮೂರು ಮರದ ಪೆಟ್ಟಿಗೆ ತುಂಬ ಇದ್ದವು. ಗಾಜು ಸಿಗುವುದು ಕಷ್ಟವಾದಾಗ ಅವನ್ನು ವಾಷಿಂಗ್ ಸೋಡಾದ ಬಿಸಿನೀರಿನಲ್ಲಿ ನೆನೆಸಿ, ಮೇಲಿನ ಪದರ ಕೆರೆದು, ಫೋಟೋಗೆ ಕಟ್ಟು ಹಾಕಲು ಬಳಸಿದರು. ಕೆರೆಯುವ ಕೆಲಸ ಅಮ್ಮನದು. ಬೆರಳ ಕೆಳಗೆ ಒಂದೊಂದೇ ಮುಖ ಸಡಿಲಾಗಿ ನೀರಿನಲ್ಲಿ ತೇಲುತ್ತಿತ್ತು ಅಂತ ಈಗಲೂ ಹೇಳುತ್ತಾರೆ. ಹಾಗಾಗಿ ಒಬ್ಬರ ಫೋಟೋದ ಮೇಲೆ ಕಟ್ಟಿದ ಗಾಜು, ಮೊದಲು ಇನ್ನೊಬ್ಬರ ಫೋಟೋವೇ ಆಗಿತ್ತು.

ರಿಟಚ್ಚಿಂಗ್ ಈಗಿನ ರೋಗ ಅನ್ನುವವರಿಗೆ ಒಂದು ಹೆಸರು ಹೇಳುತ್ತೇನೆ: ಲಿನಿಯಸ್ ಟ್ರೈಪ್. ಮದ್ರಾಸ್ ಸೈನ್ಯದ ಅಧಿಕಾರಿ, 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರಿನಲ್ಲಿ ಫೋಟೋ ತೆಗೆದವನು. ಆ ಕಾಲದ ರಾಸಾಯನಿಕಕ್ಕೆ ನೀಲಿ ಬಣ್ಣ ಅತಿಯಾಗಿ ಹಿಡಿಯುತ್ತಿತ್ತು. ಕಲ್ಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬಿಳೀ ಗೋಡೆಯಾಗುತ್ತಿತ್ತು. ಟ್ರೈಪ್ ತನ್ನ ಕಾಗದದ ನೆಗೆಟಿವ್‌ಗಳ ಮೇಲೆ ಕುಂಚದಲ್ಲಿ ಬಣ್ಣ ಹಚ್ಚಿ ಮೋಡ ಬರೆಯುತ್ತಿದ್ದ, ಮರಗಳ ಎಲೆ ತಿದ್ದುತ್ತಿದ್ದ. ಅಪ್ಪ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಸಿಡುಬಿನ ಕಲೆ ಮುಚ್ಚುತ್ತಿದ್ದದ್ದೂ ಅದೇ ಜಾತಿಯ ಕೆಲಸ.

ಸಂಜೆಪಾಠ, ಕೋಲಾರ

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವಳು, ಈಗ ನಿವೃತ್ತಿ. ಪಾಠ ಮಾಡುವಾಗ ತೋರಿಸಲು ಹಿಂಜರಿಯುತ್ತಿದ್ದ ಒಂದು ಚಿತ್ರದ ಬಗ್ಗೆ ಬರೆಯುತ್ತೇನೆ.

ಎಲ್ಲರೂ ಅದನ್ನು ಒಮ್ಮೆಯಾದರೂ ನೋಡಿರುತ್ತೀರಿ. ಎಲುಬಿನ ಹಂದರವಾದ ಗಂಡಸರು, ಹೆಂಗಸರು, ಮಕ್ಕಳು ಸಾಲಾಗಿ ಕೂತಿರುವ, ನಿಂತಿರುವ ಫೋಟೋ. ಮೊಣಕಾಲು ತೊಡೆಗಿಂತ ದಪ್ಪ. ಸಾಮಾನ್ಯವಾಗಿ ಅದರ ಕೆಳಗೆ ‘1943ರ ಬಂಗಾಳದ ಬರ’ ಅಂತ ಬರೆದಿರುತ್ತಾರೆ. ಬಂಗಾಳದ ಬರವನ್ನು ತೆಗೆದವರು ಸುನೀಲ್ ಜಾನಾ ಮುಂತಾದವರು, ಅವರ ಚಿತ್ರಗಳೇ ಬೇರೆ. ಇದು ಅದಕ್ಕಿಂತ 65 ವರ್ಷ ಹಿಂದಿನದು, 1876ರಿಂದ 78ರ ದಕ್ಷಿಣ ಭಾರತದ ಕ್ಷಾಮ. ನಮ್ಮ ಹಿರಿಯರು ಅದನ್ನು ಸಂವತ್ಸರದ ಹೆಸರಿನಿಂದ ಕರೆದರು: ಧಾತು ಈಶ್ವರದ ಬರ. ನನ್ನ ಮುತ್ತಜ್ಜಿ ಅನ್ನ ಚೆಲ್ಲಿದ ಮಕ್ಕಳಿಗೆ ‘ಧಾತು ನೋಡಿಲ್ಲ ನೀವು’ ಅಂತ ಗದರುತ್ತಿದ್ದರಂತೆ. ಅವರೂ ನೋಡಿರಲಿಲ್ಲ, ಅವರಮ್ಮ ನೋಡಿದ್ದರು.

ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ 55 ಸಾವಿರ, 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹುಟ್ಟಬೇಕಾದವರ ಲೆಕ್ಕ ಬಿಟ್ಟರೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕಡಿಮೆ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ, ಅದರಲ್ಲೂ ಹಂಪಿಯೂ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿ, ಪರಿಸ್ಥಿತಿ ಇದಕ್ಕಿಂತ ಮೇಲಾಗಿರಲಿಲ್ಲ. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲೆಂದು ಬಂದು, ಇಡೀ ದಿನ ಮಣ್ಣು ಹೊರುವವನ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದ. ಸುಮಾರು 450 ಗ್ರಾಂ. ಬೆಂಗಳೂರು ಮೈಸೂರು ರೈಲು ದಾರಿಯ ಕೆಲಸ ಶುರುವಾದದ್ದೂ ಇದೇ ಬರದ ಪರಿಹಾರ ಕಾಮಗಾರಿಯಾಗಿ. ಆ ರೈಲಿನಲ್ಲಿ ಹೋಗುವಾಗ ನಾನು ಕಿಟಕಿಯಿಂದ ಏರಿಯ ಮಣ್ಣನ್ನು ನೋಡುತ್ತೇನೆ.

ಫೋಟೋಗಳನ್ನು ತೆಗೆದವನು ವಿಲ್ಲೋಬಿ ವಾಲೇಸ್ ಹೂಪರ್, ಮದ್ರಾಸ್ ಸೈನ್ಯದ ಅಧಿಕಾರಿ. ಚಿತ್ರಗಳನ್ನು ನಿಧಾನವಾಗಿ ನೋಡಿ. ನಿಲ್ಲಲು ತ್ರಾಣವಿಲ್ಲದವರನ್ನು ನಿಲ್ಲಿಸಲಾಗಿದೆ. ಎತ್ತರದವರು ಹಿಂದೆ, ಮಕ್ಕಳು ಮುಂದೆ, ಪಕ್ಕೆಲುಬು ಕಾಣುವ ಹಾಗೆ ಕೆಲವರು ಓರೆಗೆ. ಸ್ಟುಡಿಯೋದಲ್ಲಿ ಕುಟುಂಬದ ಗ್ರೂಪ್ ಫೋಟೋ ತೆಗೆಯುವ ಕ್ರಮವೇ ಅದು. ಒಂದು ಚಿತ್ರಕ್ಕೆ ಕೊಟ್ಟ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ಪುಕ್ಕಟೆ ಪರಿಹಾರಕ್ಕೆ ಯೋಗ್ಯ ವಸ್ತುಗಳು’ ಎಂದಾಗುತ್ತದೆ. ಆ ಕಾಲದ ಇಂಗ್ಲಿಷಿನಲ್ಲಿ ದಾನ ಪಡೆಯುವವರಿಗೆ ಆ ಪದ ವಾಡಿಕೆಯಲ್ಲಿತ್ತು, ಗೊತ್ತು. ಆದರೂ ಓದಿದಾಗ ಮೈ ಝುಂ ಅನ್ನುತ್ತದೆ. ತೆಗೆದವನ ಹೆಸರು ಅವನ ಎರಡು ಮುಂಹೆಸರಿನ ಸಮೇತ ನಮಗೆ ಗೊತ್ತು. ಮುಂದೆ ಕೂತವರಲ್ಲಿ ಒಬ್ಬರ ಹೆಸರೂ ಇಲ್ಲ, ಊರೂ ಇಲ್ಲ. ಕೆರೆದಂಡೆಯವರೇ, ನಿಮ್ಮ ‘ಮತ್ತು ಮನೆಯವರು’ ಓದಿದಾಗ ನನಗೆ ನೆನಪಾದದ್ದು ಇದು.

ಕಡಲೂರು, ಉಡುಪಿ

ಟೀಚರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಒಂದು ಪ್ರಶ್ನೆ. ಆ ಫೋಟೋಗಳು ಇಲ್ಲದಿದ್ದರೆ ಅಷ್ಟು ಜನ ಸತ್ತದ್ದು ಲಂಡನ್ನಿನವರಿಗೆ ಬರೀ ಅಂಕಿಸಂಖ್ಯೆ ಆಗಿರುತ್ತಿತ್ತು. ಅಲ್ಲಿ ಬರ ಪರಿಹಾರಕ್ಕೆ ಚಂದಾ ಎತ್ತಿದ್ದು ನಿಜ, ಪತ್ರಿಕೆಗಳು ಇಂಥ ಚಿತ್ರಗಳನ್ನು ನೋಡಿ ಕೆತ್ತನೆ ಮಾಡಿಸಿ ಅಚ್ಚು ಹಾಕಿದ್ದೂ ನಿಜ. ಟೆಂಪಲ್‌ನ ಒಂದು ಪೌಂಡನ್ನು ತಪ್ಪು ಅಂತ ವಾದಿಸಲು ಇವತ್ತು ನಮಗಿರುವ ಸಾಕ್ಷಿಯೂ ಅದೇ ಅಲ್ಲವೇ? ತೆಗೆದವನ ಮನಸ್ಸು ಹೇಗಿತ್ತು ಅನ್ನುವುದಕ್ಕಿಂತ ಚಿತ್ರ ಉಳಿಯಿತು ಅನ್ನುವುದು ದೊಡ್ಡದು ಅಂತ ನನಗೆ ಕಾಣುತ್ತದೆ.

ಸಂಜೆಪಾಠ, ಕೋಲಾರ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಚಿತ್ರ ಉಳಿದದ್ದು ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಗೆದವನ ಮನಸ್ಸನ್ನು ಪಕ್ಕಕ್ಕಿಡಲು ನನಗೆ ಆಗುವುದಿಲ್ಲ, ಯಾಕೆಂದರೆ ಹೂಪರ್‌ನ ಕತೆ ಅಲ್ಲಿಗೇ ಮುಗಿಯಲಿಲ್ಲ. ಹತ್ತು ವರ್ಷದೊಳಗೆ, 1886ರಲ್ಲಿ, ಅವನು ಬರ್ಮಾದ ಮ್ಯಾಂಡಲೆಯಲ್ಲಿ ಸೈನ್ಯದ ಪ್ರೊವೋಸ್ಟ್ ಮಾರ್ಷಲ್, ಅಂದರೆ ಸೈನ್ಯದ ಪೊಲೀಸ್ ಮುಖ್ಯಸ್ಥ, ಆಗಿದ್ದ. ಗುಂಡಿಕ್ಕಿ ಕೊಲ್ಲಲು ಸಾಲಾಗಿ ನಿಲ್ಲಿಸಿದ ಬರ್ಮೀಯರನ್ನು, ಗುಂಡು ತಗಲುವ ಗಳಿಗೆಯಲ್ಲೇ ಹಿಡಿಯಬೇಕೆಂದು ಕ್ಯಾಮೆರಾ ಹೂಡಿದ. ಅದು ಬ್ರಿಟನ್ನಿನ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಗದ್ದಲವಾಗಿ ವಿಚಾರಣೆ ನಡೆಯಿತು. ಅವನನ್ನು ಪ್ರಶ್ನಿಸಿದವರಲ್ಲಿ ಅವನ ದೇಶದವರೂ ಇದ್ದರು ಅನ್ನುವುದನ್ನು ಹೇಳಬೇಕು.

ಅದಕ್ಕೂ ಮುಂಚಿನ ಇನ್ನೊಂದು. ಲಖನೌದ ಸಿಕಂದರ್ ಬಾಗಿನಲ್ಲಿ 1857ರ ನವೆಂಬರಿನಲ್ಲಿ ಸುಮಾರು ಎರಡು ಸಾವಿರ ಸಿಪಾಯಿಗಳನ್ನು ಕೊಂದರು. ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ ಅಲ್ಲಿಗೆ ಬಂದದ್ದು 1858ರ ಮಾರ್ಚ್ ಹೊತ್ತಿಗೆ, ನಾಲ್ಕು ತಿಂಗಳ ಮೇಲೆ. ಅರೆಬರೆ ಹೂತಿದ್ದ ಎಲುಬುಗಳನ್ನು ಹೊರತೆಗೆಸಿ ಅಂಗಳದಲ್ಲಿ ಹರಡಿಸಿ ಫೋಟೋ ತೆಗೆದ. ಅದನ್ನು ಯುದ್ಧ ಮುಗಿದ ತಕ್ಷಣದ ದೃಶ್ಯ ಅಂತ ಜಗತ್ತು ನೋಡಿತು. ಸತ್ತವರನ್ನು ಎರಡನೇ ಸಲ ಎಬ್ಬಿಸಿದ ಹಾಗಾಯಿತು. ನಾನು ಮಕ್ಕಳಿಗೆ ಚಿತ್ರ ತೋರಿಸಿದಾಗ ಕ್ಯಾಮೆರಾದ ಹಿಂದೆ ನಿಂತವನನ್ನೂ ಸೇರಿಸಿ ಹೇಳುತ್ತಿದ್ದೆ.

ಕಡಲೂರು, ಉಡುಪಿ

ಬರ್ಮಾದ ವಿಷಯ ನನಗೆ ಗೊತ್ತಿರಲಿಲ್ಲ ಟೀಚರ್. ಆ ಸಾಲು ಓದಿದ ಮೇಲೆ ಬರದ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ಈಗ ಅದು ಬೇರೆಯೇ ಕಾಣುತ್ತದೆ.

ದೂರದೂರು, ಫಿಲಡೆಲ್ಫಿಯಾ

ಬೆಳಿಗ್ಗೆಯಿಂದ ಈ ಚರ್ಚೆ ಓದುತ್ತಿದ್ದೇನೆ, ಆಫೀಸಿನ ಕೆಲಸ ಕೈಹತ್ತುತ್ತಿಲ್ಲ. ಹೆಸರಿನ ಮಾತು ಬಂದಿದ್ದಕ್ಕೆ ನಾನಿರುವ ಊರಿನ ಒಂದು ಫೋಟೋ.

1885ರ ಅಕ್ಟೋಬರ್ 10. ಇಲ್ಲಿನ ಮಹಿಳಾ ವೈದ್ಯಕೀಯ ಕಾಲೇಜಿನ ಮೂವರು ವಿದ್ಯಾರ್ಥಿನಿಯರು, ತಮ್ಮ ತಮ್ಮ ನಾಡಿನ ಉಡುಗೆಯಲ್ಲಿ. ಸೀರೆಯಲ್ಲಿ ಪುಣೆ ಕಡೆಯ ಆನಂದಿಬಾಯಿ ಜೋಶಿ, ಕಿಮೋನೋದಲ್ಲಿ ಜಪಾನಿನ ಕೇ ಒಕಾಮಿ, ಡಮಾಸ್ಕಸ್ಸಿನ ಸಬತ್ ಇಸ್ಲಾಂಬೂಲಿ. ‘ಭಾರತದ ಮೊದಲ ವೈದ್ಯೆ’ ಅಂತ ಪ್ರತಿ ಮಾರ್ಚಿನಲ್ಲೂ ಹಂಚುವ ಚಿತ್ರ. ಮುದ್ರಿತ ಶೀರ್ಷಿಕೆಯನ್ನು ಓದಿದವರು ಕಡಿಮೆ. ಅದರಲ್ಲಿ ಆನಂದಿಬಾಯಿ ಹೊರಟುಬಂದ ಬಂಗಾಳದ ಸೆರಾಂಪುರ ‘ಸೆರನಿಸೋರ್’ ಆಗಿದೆ, ಸಬತ್ ಅವರ ಹೆಸರು ‘ತಬತ್’ ಆಗಿದೆ. ಓದಿಸಿದ ಕಾಲೇಜಿನ ಊರಿನಲ್ಲೇ ಹೆಸರು ತಪ್ಪಾಯಿತು.

ಫೋಟೋದಲ್ಲಿ ಕಾಣದೇ ಇರುವುದು ಅವರ ಮುಂದಿನ ದಾರಿ. ಆನಂದಿಬಾಯಿ 1886ರಲ್ಲಿ ಪದವಿ ಪಡೆದರು, ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸವೂ ಗೊತ್ತಾಗಿತ್ತು. ಕ್ಷಯದಿಂದ 1887ರ ಫೆಬ್ರವರಿ 26ಕ್ಕೆ ತೀರಿಕೊಂಡಾಗ 22 ತುಂಬಿರಲಿಲ್ಲ. ಕೇ ಒಕಾಮಿ ಟೋಕಿಯೋದ ಆಸ್ಪತ್ರೆಯಲ್ಲಿ ವೈದ್ಯೆಯಾದರು. ಚಕ್ರವರ್ತಿ ಆಸ್ಪತ್ರೆ ನೋಡಲು ಬಂದಾಗ, ಹೆಣ್ಣು ಎಂಬ ಕಾರಣಕ್ಕೆ ಅವರ ಸ್ವಾಗತ ಬೇಡವೆಂದಾಗ, ಆ ಕೆಲಸ ಬಿಟ್ಟು ನಡೆದರು. ಆನಂದಿಬಾಯಿಗೆ ಅಮೆರಿಕದಲ್ಲಿ ಮನೆ ಕೊಟ್ಟು ಮಗಳಂತೆ ನೋಡಿಕೊಂಡ ಕಾರ್ಪೆಂಟರ್ ಕುಟುಂಬದ ಸ್ಮಶಾನ ಭೂಮಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ, ಅವರ ಚಿತಾಭಸ್ಮ ಇದೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಜಡೆಯಿಂದ ಒಂದು ಹೂ ತೆಗೆದು ಕಲ್ಲಿನ ಮೇಲಿಟ್ಟಳು.

ಕರೋಲ್‌ಬಾಗ್ ಕನ್ನಡಿಗ, ದೆಹಲಿ

ದೆಹಲಿಯಿಂದ ಎರಡು ಮಾತು. ಭಗತ್ ಸಿಂಗ್ ಹ್ಯಾಟಿನ ಫೋಟೋ ತೆಗೆದದ್ದು ಕಶ್ಮೀರಿ ಗೇಟಿನ ರಾಮನಾಥ್ ಸ್ಟುಡಿಯೋದಲ್ಲಿ, 1929ರ ಏಪ್ರಿಲ್ 8ರಂದು ಅಸೆಂಬ್ಲಿಯಲ್ಲಿ ಬಾಂಬ್ ಎಸೆಯುವ ಕೆಲವೇ ದಿನ ಮುಂಚೆ. ಅವರಿಗೆ 21 ವರ್ಷ. ಸಿಕ್ಕಿಬೀಳುವುದು ಖಚಿತ ಅಂತ ಗೊತ್ತಿದ್ದೇ, ಆಮೇಲೆ ಪತ್ರಿಕೆಗಳಿಗೆ ಹೋಗಲಿ ಅಂತಲೇ ತೆಗೆಸಿದ್ದು. ಸಾವಿನ ದಾರಿ ಹಿಡಿದ ಹುಡುಗ ಕ್ಯಾಮೆರಾವನ್ನು ನೇರ ನೋಡುತ್ತಿದ್ದಾನೆ. ಅವರ ಅಸಲಿ ಫೋಟೋ ಅಂತ ಉಳಿದಿರುವುದು ನಾಲ್ಕೇ. ಉಳಿದವೆಲ್ಲ ಅವನ್ನು ನೋಡಿ ಬರೆದ ಚಿತ್ರಗಳು, ಪೇಟದ ಬಣ್ಣ ಆಯಾ ಕಾಲದವರು ತಮಗೆ ಬೇಕಾದ ಹಾಗೆ ಹಚ್ಚಿದ್ದು.

ಇನ್ನೊಂದು, ತೆಗೆಯದೇ ಹೋದ ಫೋಟೋ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ 1948ರ ಜನವರಿ 30ರಂದು ಗಾಂಧೀಜಿಯ ಪ್ರಾರ್ಥನಾ ಸಭೆಗೆಂದು ಹೊರಟಿದ್ದರು. ನಾಳೆ ಒಟ್ಟಿಗೆ ಹೋಗೋಣ ಅಂತ ಗಂಡ ವಾಪಸ್ಸು ಕರೆದರು. ಆ ಸಂಜೆಯ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಎಷ್ಟೋ ಚಿತ್ರಗಳು ಅಚ್ಚಾದದ್ದು ‘ಡಾಲ್ಡಾ 13’ ಎಂಬ ಗುಪ್ತನಾಮದಲ್ಲಿ. ಕಾರಿನ ನಂಬರು ಡಿ ಎಲ್ ಡಿ 13 ಆಗಿತ್ತು, ಅದರಿಂದ.

ಕೆರೆದಂಡೆ, ತುಮಕೂರು

ಇಷ್ಟು ಬರೆದಿದ್ದಕ್ಕೆ ನಿಮಗೆಲ್ಲ ಕೈಮುಗಿಯುತ್ತೇನೆ. ಹಳೇಗಾಜು ಅವರೇ, ಓರೆಯಾಗಿ ಹಿಡಿದು ನೋಡಿದೆ, ‘ವೆಲಾಕ್ಸ್’ ಅಂತಲೇ ಇದೆ.

ನಿನ್ನೆ ಫೋಟೋ ತೆಗೆದುಕೊಂಡು ತಿಪಟೂರಿಗೆ ಹೋದೆ, ಅತ್ತೆಯ ಮನೆಗೆ. ಅಪ್ಪನ ಅಕ್ಕ, 78 ವರ್ಷ. ಕನ್ನಡಕ ಒರೆಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ‘ಡ್ಯಾಮು ನೋಡಿಕೊಂಡು ಹಂಪಿಗೆ ಹೋದೆವು ಅಂತ ಅಮ್ಮ ಹೇಳುತ್ತಿದ್ದಳು, ಹೊಸ ಡ್ಯಾಮು’ ಅಂದರು. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ ಅಕ್ಟೋಬರಿನಲ್ಲಿ. ಹಾಗಾದರೆ 1954ರ ಚೈತ್ರದ ತೇರು, ಅಥವಾ ಅದರ ಮುಂದಿನ ವರ್ಷದ್ದು.

ಐವರು ಹೆಂಗಸರಲ್ಲಿ ನಾಲ್ವರನ್ನು ಅತ್ತೆ ಗುರುತು ಹಿಡಿದರು. ಎಡದಿಂದ ಮೊದಲು ನಮ್ಮಜ್ಜಿ. ಅವರ ಪಕ್ಕ ಅಜ್ಜನ ದೊಡ್ಡ ತಂಗಿ, ಹದಿನಾಲ್ಕಕ್ಕೇ ವಿಧವೆಯಾಗಿ ತವರಿಗೆ ಬಂದವರು, ಮನೆಯ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಟ್ರಂಕಿನಲ್ಲಿದ್ದ ಕಂದಾಯದ ರಸೀದಿಗಳನ್ನು ಜೋಡಿಸಿ ದಾರ ಕಟ್ಟಿದ್ದು ಅವರೇ ಅಂತ ನನಗೆ ನಿನ್ನೆ ಗೊತ್ತಾಯಿತು. ಮೂರನೆಯವರು ಓರಗಿತ್ತಿ. ನಾಲ್ಕನೆಯವರು ಪಕ್ಕದ ಮನೆಯ ಬಾಣಂತಿ, ಸೆರಗಿನೊಳಗೆ ಮಗು ಇದೆ. ಆ ಸೆರಗಿನ ಉಬ್ಬನ್ನು ನಾನು ನೋಡಿಯೂ ನೋಡಿರಲಿಲ್ಲ. ಅಂದರೆ ಫೋಟೋದಲ್ಲಿರುವುದು ಒಂಬತ್ತಲ್ಲ, ಹತ್ತು ಜನ. ಐದನೆಯವರ ಮುಖ ಬಿಸಿಲಿಗೆ ಬೆಳ್ಳಗಾಗಿ ಅತ್ತೆಗೂ ತಿಳಿಯಲಿಲ್ಲ.

ಚಕ್ರ ಹಿಡಿದ ಹುಡುಗಿ ಅತ್ತೆಯೇ ಅಂತ ನಾನು ಅಂದುಕೊಂಡೇ ಹೋಗಿದ್ದೆ. ‘ನಾನಲ್ಲಪ್ಪ. ನನಗೆ ದಡಾರ ಎದ್ದು ಊರಲ್ಲೇ ಬಿಟ್ಟು ಹೋಗಿದ್ದರು. ಅದಕ್ಕೆ ಎಷ್ಟು ಅತ್ತಿದ್ದೆ ಗೊತ್ತಾ’ ಅಂದರು. ಆ ಮಗು ಹಂಪಿಯ ಕಡೆಯದಂತೆ. ನದಿ ದಂಡೆಯ ದಾರಿಯುದ್ದಕ್ಕೂ ಇವರ ಜೊತೆ ಮಾತಾಡಿಕೊಂಡು ಬಂದು, ಫೋಟೋಗೆ ನಿಂತಾಗ ತಾನೂ ಬಂದು ನಿಂತಳಂತೆ. ಅಜ್ಜಿ ತನ್ನ ಕೊನೆಗಾಲದವರೆಗೂ ‘ಆ ಮಗೂಗೆ ಒಂದು ಫೋಟೋ ಕಳಿಸೋಕೆ ಆಗಲಿಲ್ಲ’ ಅನ್ನುತ್ತಿದ್ದರಂತೆ.

ಅತ್ತೆ ಹೇಳಿದ ಹೆಸರುಗಳನ್ನೆಲ್ಲ ಹಿಂಬದಿಯಲ್ಲಿ, ಅಜ್ಜನ ಅಕ್ಷರದ ಕೆಳಗೆ, ಮೆತ್ತನೆ ಪೆನ್ಸಿಲ್ಲಿನಲ್ಲಿ ಬರೆದೆ.

ಹೊಸಪೇಟೆಯವರೇ, ಹುಡುಗಿಯ ಮುಖವನ್ನು ದೊಡ್ಡದು ಮಾಡಿ ಸ್ಕ್ಯಾನ್ ಮಾಡಿದ್ದೇನೆ. ಹಣೆಯಲ್ಲಿ ಎಡಕ್ಕೆ ಒಂದು ಸಣ್ಣ ಗಾಯದ ಗುರುತು ಕಾಣುತ್ತದೆ. ಬದುಕಿದ್ದರೆ ಅವರಿಗೂ ಈಗ ಎಂಬತ್ತರ ಆಸುಪಾಸು. ನಿಮಗೆ ಕಳಿಸಲೇ?

ಹೊಸಪೇಟೆಯವ

ಈಗಲೇ ಕಳಿಸಿ. ಭಾನುವಾರ ಕಮಲಾಪುರಕ್ಕೆ ಹೋಗುವವನಿದ್ದೇನೆ, ಎರಡು ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ. ಒಂದು ತೋರಿಸುವುದಕ್ಕೆ, ಒಂದು ಕೊಟ್ಟು ಬರುವುದಕ್ಕೆ.